ಕಾರವಾರದ ಬಚ್ಚಲುಮನೆಗೆ ಐಷಾರಾಮ: ಮೊದಲು ಒಣಗಲಿ, ಆಮೇಲೆ ಹೊಳೆಯಲಿ

ಪ್ರಶ್ನೆ: ನಮ್ಮದು ಕಾರವಾರದಲ್ಲಿ, ಸಮುದ್ರದಿಂದ ಅರ್ಧ ಕಿಲೋಮೀಟರಿನೊಳಗೆ, 20 ವರ್ಷಗಳ ಹಿಂದೆ ಚಿರೆಕಲ್ಲಿನಲ್ಲಿ ಕಟ್ಟಿಸಿದ ಒಂದಂತಸ್ತಿನ ಸ್ಲ್ಯಾಬ್ ಮನೆ. ಮಲಗುವ ಕೋಣೆಗೆ ಹೊಂದಿಕೊಂಡ ಬಾತ್‌ರೂಮು 5 ಅಡಿ ಅಗಲ, 7 ಅಡಿ ಉದ್ದವಿದೆ. ಕಮೋಡ್ ಕೂಡ ಅದರಲ್ಲೇ ಇದೆ. ಗೋಡೆಯ ಬಿಳಿ ಟೈಲ್ಸ್‌ನ ಸಂದುಗಳೆಲ್ಲ ಕಪ್ಪಾಗಿವೆ, ನೆಲ ಜಾರುತ್ತದೆ, ನಳಗಳು ಹಸಿರುಗಟ್ಟಿವೆ, ಮಳೆಗಾಲದಲ್ಲಿ ಮುಗ್ಗಲು ವಾಸನೆ. 70 ದಾಟಿದ ಅಮ್ಮನೂ ಇದನ್ನೇ ಬಳಸುತ್ತಾರೆ. ಒಳ್ಳೆಯ ಹೋಟೆಲಿನ ಬಾತ್‌ರೂಮಿಗೆ ಕಾಲಿಟ್ಟಾಗ ಆಗುವ ಸಂತೋಷ ಮನೆಯಲ್ಲೂ ಸಿಗಬೇಕೆಂಬ ಆಸೆ. ದೊಡ್ಡ ರೇನ್ ಶವರ್, ಬಂಗಾರದ ಬಣ್ಣದ ನಳ, ಗಾಜಿನ ಪಾರ್ಟಿಶನ್ ಹಾಕಿಸಬೇಕೆಂದಿದ್ದೇವೆ. ಕೈಯಲ್ಲಿರುವುದು 60 ಸಾವಿರ ರೂಪಾಯಿ. ಸಾಧ್ಯವೇ?

ಉತ್ತರ: ಸಾಧ್ಯವಿದೆ. ಆದರೆ ನೀವು ಹೆಸರಿಸಿದ ಮೂರು ವಸ್ತುಗಳನ್ನೂ ಸದ್ಯಕ್ಕೆ ಬದಿಗಿಡಬೇಕಾಗುತ್ತದೆ. ಹೋಟೆಲಿನ ಆ ಬಾತ್‌ರೂಮನ್ನು ಇನ್ನೊಮ್ಮೆ ನೆನಪಿಗೆ ತಂದುಕೊಳ್ಳಿ. ಕಾಲಿಟ್ಟ ನೆಲ ಒಣಗಿತ್ತು, ಯಾವ ವಾಸನೆಯೂ ಇರಲಿಲ್ಲ, ಕನ್ನಡಿಯಲ್ಲಿ ಮುಖ ಕಳೆಗುಂದಿ ಕಾಣಲಿಲ್ಲ, ನಳ ತಿರುಗಿಸಿದ ಕೂಡಲೇ ಬಿಸಿನೀರು ಬಂತು, ಕಣ್ಣಿಗೆ ಬೀಳುವಂತೆ ಬಕೇಟು, ಬ್ರಷ್ಷು, ಅರ್ಧ ಖಾಲಿಯಾದ ಬಾಟಲಿಗಳು ಸಾಲುಗಟ್ಟಿ ನಿಂತಿರಲಿಲ್ಲ. ಇವುಗಳಲ್ಲಿ ಒಂದೂ ದುಬಾರಿ ಸಾಮಗ್ರಿಯಿಂದ ಬಂದದ್ದಲ್ಲ. ಅಲ್ಲಿ ದಿನಕ್ಕೊಮ್ಮೆ ಒರೆಸುವವರಿದ್ದಾರೆ, ಪಕ್ಕದ ಕೋಣೆಯ ಏಸಿ ತೇವವನ್ನು ಹೀರುತ್ತಿರುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುವ ನಮ್ಮ ಕರಾವಳಿಯಲ್ಲಿ ಬಚ್ಚಲುಮನೆಯೊಂದು ಒಣಗಿರುವುದೇ ಮೊದಲನೆಯ ಐಷಾರಾಮ. ಆದ್ದರಿಂದ ನಿಮ್ಮ ಹಣ ಮೊದಲು ಒಣಗಿಸುವ ಕೆಲಸಕ್ಕೆ ಹೋಗಬೇಕು; ಉಳಿದದ್ದು ಕಣ್ಣಿಗೆ.

ಗೀಸರ್ ಸರಿಯಾಗಿದೆ ಎಂದು ಭಾವಿಸಿಕೊಂಡು, ಕೂಲಿಯನ್ನೂ ಸೇರಿಸಿ ನಾನು ಹಂಚುವುದಾದರೆ ಹೀಗೆ ಹಂಚುತ್ತೇನೆ: ನೆಲಕ್ಕೆ 22 ಸಾವಿರ, ಗಾಳಿ, ಬೆಳಕು ಮತ್ತು ವಿದ್ಯುತ್ ಕೆಲಸಕ್ಕೆ 10 ಸಾವಿರ, ನಳ, ಶವರ್ ಮತ್ತು ಪೈಪಿಗೆ 12 ಸಾವಿರ, ಗೋಡೆಯ ಸಂದುಗಳಿಗೆ 7 ಸಾವಿರ, ಕಲ್ಲಿನ ಪೀಠ, ಕನ್ನಡಿ, ಹಿಡಿಕೆ, ರಾಡುಗಳಿಗೆ 9 ಸಾವಿರ. ದರ ಅಂಗಡಿಯಿಂದ ಅಂಗಡಿಗೆ ಏರಿಳಿಯುತ್ತದೆ, ಮೇಸ್ತ್ರಿಯಿಂದ ಮೇಸ್ತ್ರಿಗೆ ಕೂಲಿಯೂ ಬದಲಾಗುತ್ತದೆ. ಆದರೆ ಈ ಅನುಪಾತವನ್ನು ಬಿಡಬೇಡಿ. ನೆಲದಲ್ಲಿ ಉಳಿಸಿ ನಳಕ್ಕೆ ಸುರಿದವರು ಎರಡನೆಯ ಮಳೆಗಾಲದ ಹೊತ್ತಿಗೆ ಮತ್ತೆ ಮೇಸ್ತ್ರಿಯನ್ನು ಹುಡುಕುತ್ತಿರುತ್ತಾರೆ.

ನೆಲವನ್ನು ಒಡೆಸಿ. ಹಳೆಯ ಟೈಲ್ಸ್ ಮೇಲೆಯೇ ಅಂಟಿನಿಂದ ಹೊಸ ಟೈಲ್ಸ್ ಕೂರಿಸುವ ಪದ್ಧತಿ ಇದೆ, ಅದು ಅಗ್ಗವೂ ಹೌದು. ಆದರೆ ನಿಮ್ಮ ನೆಲದ ಕೆಳಗೆ ನೀರು ತಡೆಯುವ ಪದರ ಇದೆಯೋ ಇಲ್ಲವೋ, ಇದ್ದರೂ 20 ವರ್ಷಗಳ ನಂತರ ಅದರ ಸ್ಥಿತಿ ಏನೋ ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ಒಂದು ಪರೀಕ್ಷೆ ಮಾಡಿ ನೋಡಿ. ಬಾತ್‌ರೂಮಿಗೆ ತಾಗಿದ ಗೋಡೆಯನ್ನು ಮಲಗುವ ಕೋಣೆಯ ಕಡೆಯಿಂದ, ನೆಲದಿಂದ ಒಂದಡಿ ಎತ್ತರದವರೆಗೆ ಅಂಗೈಯಿಂದ ಸವರಿ. ಬಣ್ಣ ಉಬ್ಬಿದ್ದರೆ, ಕೈಗೆ ಬಿಳಿಯ ಪುಡಿ ಹತ್ತಿದರೆ, ಸ್ನಾನದ ನೀರು ಚಿರೆಕಲ್ಲಿಗೆ ಇಳಿಯುತ್ತಿದೆ ಎಂದೇ ಅರ್ಥ. ಚಿರೆಕಲ್ಲು ರಂಧ್ರಗಳಿಂದ ಕೂಡಿದ ಕಲ್ಲು. ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಬಿಟ್ಟುಕೊಡುವುದಿಲ್ಲ. ನೀವು ಹೇಳುವ ಮುಗ್ಗಲು ವಾಸನೆಯ ಅರ್ಧ ಮೂಲ ಅಲ್ಲೇ ಇರಬಹುದು.

ಒಡೆಯಬೇಕಾದದ್ದು 35 ಚದರ ಅಡಿ ಮಾತ್ರ. ಕಮೋಡ್ ನೆಲದ ಮೇಲೆ ಕುಳಿತಿರುವ ಬಗೆಯದಾಗಿದ್ದರೆ ಅದನ್ನು ಎತ್ತಿಸಿ ಮತ್ತೆ ಅದೇ ಜಾಗದಲ್ಲಿ ಕೂರಿಸಿ. ಅದರ ಸ್ಥಾನ ಬದಲಿಸಿದರೆ ಹೊರಗಿನ ಪೈಪಿನವರೆಗೆ ಖರ್ಚು ಬೆಳೆಯುತ್ತದೆ. ಕಾಂಕ್ರೀಟು ಕಂಡ ಮೇಲೆ, ಸಿಮೆಂಟಿನೊಂದಿಗೆ ಪಾಲಿಮರ್ ಬೆರೆಸಿ ಬಳಿಯುವ ವಾಟರ್‌ಪ್ರೂಫಿಂಗ್ ಲೇಪವನ್ನು ಎರಡು ಕೈ ಹಚ್ಚಿಸಿ, ನೆಲಕ್ಕಷ್ಟೇ ಅಲ್ಲದೆ ಸುತ್ತಲಿನ ಗೋಡೆಗೂ ಒಂದಡಿ ಎತ್ತರದವರೆಗೆ ಏರಿಸಿ. ಗೋಡೆಯ ಕೆಳಗಿನ ಒಂದು ಸಾಲು ಟೈಲ್ಸ್ ಇದಕ್ಕಾಗಿ ಹೋಗುತ್ತದೆ. ಆ ಜಾಗಕ್ಕೆ ನೆಲದ ಟೈಲ್ಸನ್ನೇ ಕತ್ತರಿಸಿ ಪಟ್ಟಿಯಾಗಿ ಹಾಕಿದರೆ ಬೇಕೆಂದೇ ಮಾಡಿಸಿದಂತೆ ಕಾಣುತ್ತದೆ. ಲೇಪ ಒಣಗಿದ ಮೇಲೆ ನೀರು ಹೋಗುವ ಬಾಯಿಯನ್ನು ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಮಟ್ಟವನ್ನೂ ಹೊರಗಿನ ಗೋಡೆಯನ್ನೂ ನೋಡಿ. ಮೇಸ್ತ್ರಿ ಇದನ್ನು ಬೇಡವೆನ್ನುತ್ತಾನೆ, ಎರಡು ದಿನ ಕೆಲಸ ನಿಲ್ಲುತ್ತದೆ ಎನ್ನುತ್ತಾನೆ. ಆ ಎರಡು ದಿನವನ್ನು ಬಿಟ್ಟುಕೊಡಬೇಡಿ.

ಇಳಿಜಾರು ನಾಲ್ಕು ಅಡಿಗೆ ಅರ್ಧ ಇಂಚಿಗಿಂತ ಕಡಿಮೆ ಇರಬಾರದು. ಟೈಲ್ಸ್ ಹಾಸುವ ಮೊದಲೇ ಗಾರೆಯ ಮೇಲೆ ಒಂದು ತಂಬಿಗೆ ನೀರು ಸುರಿದು, ಅದು ಮೂಲೆಯಲ್ಲಿ ನಿಲ್ಲದೆ ನೇರವಾಗಿ ನೀರು ಹೋಗುವ ಬಾಯಿಯಲ್ಲಿರುವ ಟ್ರ್ಯಾಪಿನ ಕಡೆ ಹೋಗುತ್ತದೆಯೇ ಎಂದು ನಿಮ್ಮ ಕಣ್ಣಾರೆ ನೋಡಿಕೊಳ್ಳಿ. ಈ ಕಾರಣಕ್ಕೇ ಎರಡಡಿ ಚೌಕದ ದೊಡ್ಡ ಟೈಲ್ಸ್ ಇಷ್ಟು ಸಣ್ಣ ಬಾತ್‌ರೂಮಿಗೆ ಒಗ್ಗುವುದಿಲ್ಲ. ನಾಲ್ಕು ದಿಕ್ಕಿನಿಂದ ಒಂದು ಬಿಂದುವಿಗೆ ಇಳಿಜಾರು ಕೊಡಲು ಅದನ್ನು ಓರೆಯಾಗಿ ಕತ್ತರಿಸಬೇಕಾಗುತ್ತದೆ. ಒಂದಡಿ ಚೌಕದ, ಹೊಳಪಿಲ್ಲದ ವಿಟ್ರಿಫೈಡ್ ಟೈಲ್ಸ್ ಸಾಕು. ಇದು ತನ್ನ ತೂಕದ ಶೇಕಡಾ ಅರ್ಧಕ್ಕಿಂತಲೂ ಕಡಿಮೆ ನೀರು ಹೀರುತ್ತದೆ. ಪೆಟ್ಟಿಗೆಯ ಮೇಲೆ ಜಾರುವಿಕೆಯ ದರ್ಜೆ ಆರ್10 ಅಥವಾ ಆರ್11 ಎಂದಿರಲಿ. ಆರ್9 ಒಣ ಕೋಣೆಗಳಿಗೆ. ಅಂಗಡಿಯಲ್ಲಿ ನಾಚಿಕೆಪಡದೆ ಒಂದು ಟೈಲ್ಸನ್ನು ನೆಲದ ಮೇಲೆ ಇಡಿಸಿ, ಅದರ ಮೇಲೆ ಸ್ವಲ್ಪ ಸೋಪಿನ ನೀರು ಹಾಕಿ, ಚಪ್ಪಲಿ ಬಿಟ್ಟು ನಿಂತು ಹಿಮ್ಮಡಿ ತಿರುಗಿಸಿ ನೋಡಿ. ಅಮ್ಮನನ್ನು ಕರೆದುಕೊಂಡು ಹೋಗಿದ್ದರೆ ಅವರ ಅಭಿಪ್ರಾಯವೇ ಅಂತಿಮ. ಬಣ್ಣ ಮಧ್ಯಮ ಬೂದು ಇರಲಿ. ಅಚ್ಚ ಕಪ್ಪಿನ ಮೇಲೆ ಸೋಪಿನ ಬಿಳಿ ಪೊರೆ ಎದ್ದು ಕಾಣುತ್ತದೆ, ಬಿಳಿಯ ಮೇಲೆ ಕೂದಲು ಮತ್ತು ಕೆಂಪು ಮಣ್ಣು. ಕೊಳ್ಳುವಾಗ ನೆಲಕ್ಕೂ ಗೋಡೆಯ ಪಟ್ಟಿಗೂ ಸೇರಿಸಿ 60 ಚದರ ಅಡಿ ಕೊಂಡು, ಉಳಿದ ಮೂರ್ನಾಲ್ಕನ್ನು ಅಟ್ಟದಲ್ಲಿ ಇಟ್ಟುಕೊಳ್ಳಿ; ಮುಂದೊಂದು ದಿನ ಒಂದು ಒಡೆದರೆ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ.

ಗೋಡೆಯ ಉಳಿದ ಬಿಳಿ ಟೈಲ್ಸನ್ನು ಮುಟ್ಟಬೇಡಿ. ಅದು ಹಳೆಯದಾಗಿ ಕಾಣುವುದು ಟೈಲ್ಸಿನಿಂದಲ್ಲ, ಕಪ್ಪು ಸಂದಿನಿಂದ. ಬೂದು ನೆಲದ ಮೇಲೆ ಸ್ವಚ್ಛ ಬಿಳಿ ಗೋಡೆ ಯಾವ ಕಾಲಕ್ಕೂ ಹಳತಾಗುವುದಿಲ್ಲ. ಟೈಲ್ಸಿಗೆ ಬಳಿಯುವ ಬಣ್ಣಗಳು ಈಗ ಬಂದಿವೆ, ಆದರೆ ನೀರು ನೇರವಾಗಿ ಬೀಳುವ ಗೋಡೆಯಲ್ಲಿ ಅವು ಸಿಪ್ಪೆ ಏಳುತ್ತವೆ. ನಾನು ಶಿಫಾರಸು ಮಾಡುವುದಿಲ್ಲ. ಬದಲಿಗೆ ಸಂದುಗಳಲ್ಲಿನ ಹಳೆಯ ಸಿಮೆಂಟನ್ನು ಆಳದ ಮೂರನೆಯ ಎರಡು ಭಾಗದವರೆಗೆ ಕೆರೆಸಿ ತೆಗೆಸಿ, ಕೆಲವು ದಿನ ಪೂರ್ತಿ ಒಣಗಲು ಬಿಟ್ಟು, ಹೊಸದಾಗಿ ತುಂಬಿಸಿ. ಸ್ನಾನ ಮಾಡುವ ತುದಿಯ ಮೂರು ಗೋಡೆಗಳಿಗೆ ಮತ್ತು ಇಡೀ ನೆಲಕ್ಕೆ ಎಪಾಕ್ಸಿ ಗ್ರೌಟ್ (ಗ್ರೌಟ್ ಎಂದರೆ ಸಂದು ತುಂಬುವ ಸಾಮಗ್ರಿ), ಉಳಿದೆಡೆ ಸಾಧಾರಣ ಪಾಲಿಮರ್ ಗ್ರೌಟ್ ಸಾಕು. ಎಪಾಕ್ಸಿಯಲ್ಲಿ ಸಿಮೆಂಟ್ ಇಲ್ಲದ್ದರಿಂದ ಅದು ನೀರು ಹೀರುವುದಿಲ್ಲ, ಹಾಗಾಗಿ ಬೂಸ್ಟಿಗೆ ಬೇರೂರಲು ಜಾಗ ಸಿಗುವುದಿಲ್ಲ. ಆದರೆ ಅದರ ಎರಡು ಭಾಗಗಳಾದ ರೆಸಿನ್ ಮತ್ತು ಹಾರ್ಡನರ್ ಬೆರೆಸಿದ ಮೇಲೆ ಅದು ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಗಟ್ಟಿಯಾಗತೊಡಗುತ್ತದೆ. ಟೈಲ್ಸಿನ ಮೇಲೆ ಉಳಿದ ಪೊರೆಯನ್ನು ಅಷ್ಟರೊಳಗೆ ಒರೆಸದಿದ್ದರೆ ಆಮೇಲೆ ಬಿಡಿಸುವುದು ಬಹಳ ಕಷ್ಟ. ಈ ಕೆಲಸವನ್ನು ಮೊದಲು ಮಾಡಿದ ಅನುಭವವಿರುವವರಿಗೇ ಕೊಡಿ, ಒಂದು ಸಲಕ್ಕೆ ಸ್ವಲ್ಪವೇ ಬೆರೆಸಲು ಹೇಳಿ. ಬಣ್ಣ ಬಿಳಿ ಬೇಡ, ತಿಳಿಬೂದು ಇರಲಿ. ಗೋಡೆ ಮತ್ತು ನೆಲ ಸೇರುವ ಮೂಲೆಗೆ ಮಾತ್ರ ಯಾವ ಗ್ರೌಟೂ ಬೇಡ. ಆ ಎರಡೂ ಮೈಗಳು ಬಿಸಿಗೆ ತಂಪಿಗೆ ಬೇರೆ ಬೇರೆಯಾಗಿ ಅಲುಗಾಡುವುದರಿಂದ ಅಲ್ಲಿ ಬಿರುಕು ಬಿದ್ದೇ ಬೀಳುತ್ತದೆ. ಬೂಸ್ಟು ತಡೆಯುವ ಸ್ಯಾನಿಟರಿ ಸಿಲಿಕೋನ್ ಹಾಕಿಸಿ.

ಇನ್ನು ಗಾಳಿ. ನಿಮ್ಮ ಬಾತ್‌ರೂಮಿನ ಎತ್ತರ 9 ಅಡಿ ಎಂದು ಹಿಡಿದರೆ ಒಳಗಿನ ಗಾಳಿ 315 ಘನ ಅಡಿ. ಗಂಟೆಗೆ ಹತ್ತು ಸಲ ಅದು ಬದಲಾಗಬೇಕೆಂದರೆ 3,150 ಘನ ಅಡಿ, ಅಂದರೆ ಸುಮಾರು 90 ಘನ ಮೀಟರ್. 6 ಇಂಚಿನ ಸಾಧಾರಣ ಎಕ್ಸಾಸ್ಟ್ ಫ್ಯಾನು ಇದಕ್ಕಿಂತ ಹೆಚ್ಚನ್ನೇ ಎಳೆಯುತ್ತದೆ, ದೊಡ್ಡದು ಬೇಕಾಗಿಲ್ಲ. ಹೆಚ್ಚಿನ ಮನೆಗಳಲ್ಲಿ ಫ್ಯಾನು ಇದ್ದೂ ಕೆಲಸ ಮಾಡದಿರುವುದಕ್ಕೆ ಕಾರಣ ಬಾಗಿಲು. ಬಾಗಿಲಿನ ಕೆಳಗೆ ಮುಕ್ಕಾಲು ಇಂಚು ಸಂದಿ ಇಲ್ಲದಿದ್ದರೆ ಒಳಗೆ ಗಾಳಿ ಬರಲು ದಾರಿಯಿಲ್ಲ, ದಾರಿಯಿಲ್ಲದೆ ಫ್ಯಾನು ಏನನ್ನು ಎಳೆಯಬೇಕು? ನೆಲ ಎತ್ತರವಾದಾಗ ಈ ಸಂದಿ ಮುಚ್ಚಿಹೋಗದಂತೆ ಮೊದಲೇ ಲೆಕ್ಕ ಹಾಕಿಸಿ. ಹೊರಬದಿಗೆ, ಪಡುವಣ ಗಾಳಿಗೆ ಮಳೆ ಒಳನುಗ್ಗದಂತೆ, ತಾನಾಗಿ ಮುಚ್ಚಿಕೊಳ್ಳುವ ಪಟ್ಟಿಗಳ ಮುಚ್ಚಳ ಇರಲಿ. ಸ್ನಾನ ಮುಗಿದ ಮೇಲೂ ಅರ್ಧ ಗಂಟೆ ಫ್ಯಾನು ಓಡಬೇಕು. ಅದನ್ನು ನೆನಪಿಟ್ಟುಕೊಂಡು ಆರಿಸುವವರು ಮನೆಯಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಟೈಮರ್ ಸ್ವಿಚ್ ಹಾಕಿಸಿಬಿಡಿ. ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ ತೇವವಾಗಿರುವಾಗ ಫ್ಯಾನಿನಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಬಿಸಿನೀರಿನ ಸ್ನಾನ ಮುಗಿದಾಗ ಒಳಗಿನ ಬೆಚ್ಚಗಿನ ಗಾಳಿ ಹೊತ್ತುಕೊಂಡಿರುವ ನೀರಿನ ಆವಿ ಹೊರಗಿನ ತಂಪು ಗಾಳಿಯಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು. ಅದನ್ನು ಗೋಡೆಗೆ ತಾಗಿ ನೀರಾಗುವ ಮೊದಲೇ ಹೊರಹಾಕುವುದು ಮಳೆಗಾಲದಲ್ಲೇ ಹೆಚ್ಚು ಅಗತ್ಯ. ಜೊತೆಗೆ ಒಂದು ಒಳ್ಳೆಯ ರಬ್ಬರ್ ವೈಪರ್. ಕೊನೆಗೆ ಸ್ನಾನ ಮಾಡಿದವರು ಗೋಡೆಯನ್ನೂ ನೆಲವನ್ನೂ ಒಮ್ಮೆ ಎಳೆದು ಬರುವ ನಿಯಮವೊಂದು ಮನೆಯಲ್ಲಿ ನಿಂತರೆ ಹೋಟೆಲಿನ ಅರ್ಧ ಸುಖ ಪುಕ್ಕಟೆಯಾಗಿ ಸಿಕ್ಕಿತು.

ಬೆಳಕಿನಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಬದಲಾವಣೆ ಆಗುತ್ತದೆ. ನಿಮ್ಮಲ್ಲಿ ಈಗ ಇರುವುದು ಬಹುಶಃ 6,500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿ ಟ್ಯೂಬು. ಅದರ ಬದಲು 3,000 ಕೆಲ್ವಿನ್‌ನ ಬೆಚ್ಚನೆಯ ಎಲ್‌ಇಡಿ ಒಂದನ್ನು ಮೇಲೆ, ಕನ್ನಡಿಯ ಎಡಬಲಕ್ಕೆ ಕಣ್ಣಿನ ಎತ್ತರದಲ್ಲಿ ಎರಡು ಸಣ್ಣ ದೀಪಗಳನ್ನು ಹಾಕಿಸಿ. ಕನ್ನಡಿಯ ನೆತ್ತಿಯ ಮೇಲೊಂದೇ ದೀಪವಿದ್ದರೆ ಕಣ್ಣಿನ ಕೆಳಗೆ ನೆರಳು ಬಿದ್ದು ಎಂಥವರೂ ರೋಗಿಯಂತೆ ಕಾಣುತ್ತಾರೆ. ಬಣ್ಣಗಳನ್ನು ನಿಜವಾಗಿ ತೋರಿಸುವ ಅಳತೆಯಾದ ಸಿಆರ್‌ಐ 90 ಇರುವ ಬಲ್ಬು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಕೊಳ್ಳಿ. ನೀರು ಸಿಡಿಯುವಲ್ಲಿ ಐಪಿ44, ಶವರಿನ ಹತ್ತಿರ ಐಪಿ65 ಎಂದು ನೀರು ತಡೆಯುವ ದರ್ಜೆಯ ಗುರುತಿರುವ ದೀಪವೇ ಆಗಬೇಕು. 20 ವರ್ಷದ ಮನೆಯಲ್ಲಿ, ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇಲ್ಲದಿರುವ ಸಂಭವ ಹೆಚ್ಚು. ಒದ್ದೆ ಕೈ ಮತ್ತು ಗೀಸರ್ ಒಟ್ಟಿಗೆ ಇರುವ ಜಾಗಕ್ಕೆ 30 ಮಿಲಿಆಂಪಿಯರಿನದೊಂದನ್ನು ಎಲ್ಲಕ್ಕಿಂತ ಮೊದಲು ಹಾಕಿಸಿ, ಅರ್ಥಿಂಗ್ ಪರೀಕ್ಷಿಸಿ. ಇದರಲ್ಲಿ ಚೌಕಾಸಿ ಬೇಡ. ಹಂಚಿನ ಮಾಡು ಇರುವ ಓದುಗರು ಯಾರಾದರೂ ಇದನ್ನು ಓದುತ್ತಿದ್ದರೆ, ಶಿರಸಿ, ಸಿದ್ದಾಪುರದ ಹಳೆಯ ಮನೆಗಳ ಬಚ್ಚಲಿನಲ್ಲಿ ಇರುವಂತೆ ಎರಡು ಗಾಜಿನ ಹಂಚು ಕೂರಿಸಿದರೆ ಹಗಲಿನ ಬೆಳಕಿಗೆ ಅದನ್ನು ಮೀರಿಸುವ ದೀಪವಿಲ್ಲ.

ಈಗ ಬಂಗಾರದ ಬಣ್ಣದ ನಳದ ವಿಚಾರ. ಕಡಿಮೆ ಬೆಲೆಗೆ ಸಿಗುವ ಬಂಗಾರ ಮತ್ತು ಕಪ್ಪು ಬಣ್ಣದ ನಳಗಳಲ್ಲಿ ಹಲವು ಸತುವಿನ ಮಿಶ್ರಲೋಹದ ಮೇಲೆ ಬಣ್ಣದ ಪದರ ಕೊಟ್ಟವು. ಸಮುದ್ರದ ಗಾಳಿಯಲ್ಲಿರುವ ಉಪ್ಪು ಎಲ್ಲೋ ಒಂದು ಗೀರಿನಲ್ಲಿ ಒಳಸೇರಿತೆಂದರೆ ಪದರ ಗುಳ್ಳೆಯೆದ್ದು ಉದುರತೊಡಗುತ್ತದೆ. ನಿರ್ವಾತದಲ್ಲಿ ಲೇಪಿಸುವ ಪಿವಿಡಿ ಬಣ್ಣ ಬಾಳಿಕೆ ಬರುತ್ತದೆ, ಆದರೆ ಅದು ನಿಮ್ಮ ಹಣಕ್ಕೆ ಎಟುಕುವುದಿಲ್ಲ. ಹಿತ್ತಾಳೆಯ ಮೇಲೆ ಕ್ರೋಮ್ ಲೇಪಿಸಿದ ಸಾದಾ ನಳವನ್ನು ಆರಿಸಿ, ಅಂಗಡಿಯಲ್ಲಿ ಎರಡು ನಳಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ. ಒಂದೇ ಗಾತ್ರದಲ್ಲಿ ಭಾರವಿರುವುದೇ ಸಾಮಾನ್ಯವಾಗಿ ದಪ್ಪ ಹಿತ್ತಾಳೆಯದು. ನೀರನ್ನು ನಳಕ್ಕೋ ಶವರಿಗೋ ತಿರುಗಿಸುವ, ಗೋಡೆಯೊಳಗೆ ಹುದುಗಿಸುವ ಡೈವರ್ಟರ್ ಬೇಡ. ಅದಕ್ಕಾಗಿ ಗೋಡೆ ಒಡೆಯಬೇಕು, ಮುಂದೆ ಸೋರಿದರೆ ಮತ್ತೆ ಒಡೆಯಬೇಕು. ಬಿಸಿನೀರು ತಣ್ಣೀರು ಬೆರೆಸುವ, ಹೊರಗೇ ಇರುವ ವಾಲ್ ಮಿಕ್ಸರ್, ಅದಕ್ಕೆ ಕೈಯಲ್ಲಿ ಹಿಡಿಯುವ ಶವರ್. ಅಮ್ಮನಿಗೂ ಅದೇ ಅನುಕೂಲ.

ಟವೆಲ್ ರಾಡು, ಕೊಕ್ಕೆ, ಹಿಡಿಕೆಗಳನ್ನು ಕೊಳ್ಳುವಾಗ ಅಂಗಡಿಯವರು ಆಯಸ್ಕಾಂತ ಹಿಡಿದು, ಅಂಟಲಿಲ್ಲ ನೋಡಿ, ಅಸಲಿ ಸ್ಟೀಲು ಎನ್ನುವುದುಂಟು. ಈ ಪರೀಕ್ಷೆಯಿಂದ ಏನೂ ಸಿದ್ಧವಾಗುವುದಿಲ್ಲ. ಅಗ್ಗದ 202 ದರ್ಜೆಯ ಸ್ಟೀಲೂ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಒಳ್ಳೆಯ 304 ಕೂಡ ಅಂಟುವುದಿಲ್ಲ. 304ರಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ, ಕರಾವಳಿಯಲ್ಲಿ ಅದರ ಮೇಲೆ ಕಂದು ಚುಕ್ಕೆ ಬೇಗ ಏಳುತ್ತದೆ. ಉಪ್ಪಿಗೆ ನಿಜವಾಗಿ ಜಗ್ಗದ್ದು ಮಾಲಿಬ್ಡಿನಮ್ ಬೆರೆತ 316, ಆದರೆ ಮನೆಯೊಳಗೆ 304 ಸಾಕು, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ: ರಾಡು 304 ಆಗಿದ್ದರೂ ಅದರ ಪೊಟ್ಟಣದೊಳಗಿನ ಸ್ಕ್ರೂಗಳು ಬಹಳ ಸಲ ಕಬ್ಬಿಣಕ್ಕೆ ಸತುವಿನ ಲೇಪ ಕೊಟ್ಟವಾಗಿರುತ್ತವೆ. ಒಂದು ವರ್ಷದೊಳಗೆ ರಾಡಿನ ಬುಡದಿಂದ ಬಿಳಿ ಟೈಲ್ಸಿನ ಮೇಲೆ ತುಕ್ಕಿನ ಸಣ್ಣ ಗೆರೆಯೊಂದು ಇಳಿಯುತ್ತದಲ್ಲ, ಅದು ರಾಡಿನದಲ್ಲ, ಆ ಸ್ಕ್ರೂವಿನದು. ಸ್ಟೀಲ್ ಸ್ಕ್ರೂಗಳನ್ನು ಹಾರ್ಡ್‌ವೇರ್ ಅಂಗಡಿಯಿಂದ ಬೇರೆಯಾಗಿ ತಂದು ಪ್ಲಂಬರನ ಕೈಗೆ ಕೊಡಿ. ಖರ್ಚು ನೂರು ರೂಪಾಯಿ ದಾಟುವುದು ಕಷ್ಟ.

ರೇನ್ ಶವರನ್ನು ಬೇಡವೆಂದದ್ದು ಬೆಲೆಗಾಗಿ ಅಲ್ಲ, ಒತ್ತಡಕ್ಕಾಗಿ. ಒಂದಂತಸ್ತಿನ ಮನೆಯಲ್ಲಿ ಸ್ಲ್ಯಾಬು 10 ಅಡಿಯಲ್ಲಿದ್ದು, ಅದರ ಮೇಲೆ ಎರಡಡಿ ಕಟ್ಟೆಯ ಮೇಲೆ ಟಾಂಕಿ ಇದ್ದು, ಶವರ್ 7 ಅಡಿಯಲ್ಲಿದ್ದರೆ, ನೀರಿಗೆ ಸಿಗುವ ಎತ್ತರ ಬರೀ 5 ಅಡಿ. ಒಂದು ಮೀಟರ್ ಎತ್ತರಕ್ಕೆ ಸುಮಾರು 0.1 ಬಾರ್ ಒತ್ತಡದಂತೆ ಇದು 0.15 ಬಾರ್ ಆಗುತ್ತದೆ. ಅಗಲವಾದ ರೇನ್ ಶವರುಗಳು ಚೆನ್ನಾಗಿ ಸುರಿಯಲು ಒಂದು ಬಾರಿನ ಆಸುಪಾಸು, ಅಂದರೆ ಶವರಿಗಿಂತ 33 ಅಡಿ ಎತ್ತರದಲ್ಲಿ ಟಾಂಕಿ ಬೇಕು. ನಿಮ್ಮ ಮನೆಯಲ್ಲಿ ಅದು ಮಾಡಿನ ಅಂಚಿನಿಂದ ತೊಟ್ಟಿಕ್ಕುವ ಆಗಸ್ಟಿನ ಮಳೆಯಂತೆ ನಡುನೆತ್ತಿಗೆ ಹನಿಯುತ್ತಿರುತ್ತದೆ, ಅಷ್ಟೇ. ಮೊದಲು ಈಗಿನ ಶವರನ್ನು ಬಿಚ್ಚಿ, ಬರಿಯ ಪೈಪಿನ ಕೆಳಗೆ 20 ಲೀಟರಿನ ಬಕೇಟು ಇಟ್ಟು ಗಡಿಯಾರ ನೋಡಿ. ಎರಡು ನಿಮಿಷದೊಳಗೆ ತುಂಬಿದರೆ ನಾಲ್ಕು ಇಂಚಿನ, ಕಡಿಮೆ ಒತ್ತಡಕ್ಕೆಂದೇ ಮಾಡಿದ ಶವರ್ ಚೆನ್ನಾಗಿ ಕೆಲಸ ಮಾಡುತ್ತದೆ. ತುಂಬದಿದ್ದರೆ ಟಾಂಕಿಯಿಂದ ಬಾತ್‌ರೂಮಿಗೆ ಮುಕ್ಕಾಲು ಇಂಚಿನ ಪ್ರತ್ಯೇಕ ಪೈಪು ಎಳೆಸಿ. ಅಡುಗೆಮನೆಯಲ್ಲಿ ನಳ ತಿರುಗಿಸಿದಾಗ ಇಲ್ಲಿ ಬಿಸಿನೀರು ಏರುಪೇರಾಗುವುದೂ ನಿಲ್ಲುತ್ತದೆ. ಬಿಸಿನೀರಿನ ಭಾಗಕ್ಕೆ ಸಿಪಿವಿಸಿ ಪೈಪೇ ಆಗಬೇಕು, ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಒತ್ತಡ ಹೆಚ್ಚಿಸುವ ಪಂಪನ್ನು ಹಳೆಯ ಪೈಪಿಗೆ ಜೋಡಿಸುವ ಸಾಹಸ ಬೇಡ; ಇಷ್ಟು ವರ್ಷ ಸುಮ್ಮನಿದ್ದ ಜೋಡಣೆಗಳೆಲ್ಲ ಆಗ ಬಾಯಿಬಿಡುತ್ತವೆ.

ಗಾಜಿನ ಪಾರ್ಟಿಶನ್ ದಿನವೂ ಒರೆಸುವವರಿಗೆ ಚೆಂದ. ಒರೆಸದಿದ್ದರೆ ವಾರದೊಳಗೆ ಅದರ ಮೇಲೆ ಕಲೆ ನಿಲ್ಲುತ್ತದೆ, ಬಾಗಿಲಿನ ತಿರುಗಣಿಗಳು ಉಪ್ಪುಗಾಳಿಗೆ ಕಚ್ಚಿಕೊಳ್ಳುತ್ತವೆ, ಐದಡಿ ಅಗಲದಲ್ಲಿ ಅಮ್ಮ ಆ ಬಾಗಿಲನ್ನು ಸುತ್ತಿ ಒಳಹೋಗುವುದೂ ಕಷ್ಟ. ಅದರ ಬದಲು, ಕೊನೆಯ ಮೂರಡಿಯನ್ನು ಸ್ನಾನದ ಜಾಗವೆಂದು ನಿಗದಿಪಡಿಸಿ, ಅಲ್ಲಿ ಹೊಸ್ತಿಲು ಕಟ್ಟದೆ ಇಳಿಜಾರನ್ನು ಮಾತ್ರ ಸ್ವಲ್ಪ ಹೆಚ್ಚಿಸಿ, ನೆಲದಿಂದ ಎರಡು ಇಂಚು ಮೇಲೆ ನಿಲ್ಲುವ ಬಿಳಿ ಪಾಲಿಯೆಸ್ಟರ್ ಪರದೆ ಹಾಕಿ. ಎರಡು ಪರದೆ ಕೊಂಡು ಒಂದನ್ನು ಒಗೆಯಲು ಹಾಕುವ ರೂಢಿ ಇಟ್ಟುಕೊಳ್ಳಿ.

ಗಾಜು ಬಿಟ್ಟು ಉಳಿಸಿದ ಹಣದಲ್ಲಿ ಕಲ್ಲು ತನ್ನಿ. ಗ್ರಾನೈಟ್ ಅಂಗಡಿಗಳ ಹಿತ್ತಲಿನಲ್ಲಿ ಅಡುಗೆಕಟ್ಟೆಗೆ ಕತ್ತರಿಸಿ ಮಿಕ್ಕ ತುಂಡುಗಳ ರಾಶಿ ಇರುತ್ತದೆ. ಹೊಳಪು ಕೊಡದ ಕಪ್ಪು ಗ್ರಾನೈಟಿನ ಎರಡು ಮೂರು ತುಂಡುಗಳನ್ನು ಆರಿಸಿ, ಅಂಚನ್ನು ಗುಂಡಾಗಿ ತಿದ್ದಿಸಿ, ಒಂದನ್ನು ಮೂಲೆಯಲ್ಲಿ ಸೋಪು, ಎಣ್ಣೆ ಇಡುವ ಹಲಗೆಯಾಗಿ, ಇನ್ನೊಂದನ್ನು ಬೇಸಿನ್ನಿನ ಕೆಳಗೆ, ಮತ್ತೊಂದನ್ನು ಚಿರೆಕಲ್ಲಿನ ಸಣ್ಣ ಕಟ್ಟೆಯ ಮೇಲೆ 18 ಇಂಚು ಎತ್ತರದ ಪೀಠವಾಗಿ ಕೂರಿಸಿ. ಕುಳಿತು ಸ್ನಾನ ಮಾಡುವುದು ನಮ್ಮವರಿಗೆ ರೂಢಿಯೇ. ನೆಲದ ಮಣೆಯಿಂದ ಏಳಲಾಗದ ವಯಸ್ಸಿಗೆ ಈ ಪೀಠ ಹಿತವಾಗಿರುತ್ತದೆ, ನೋಡುವವರ ಕಣ್ಣಿಗೆ ಮಾತ್ರ ಅದು ಆ ಬಾತ್‌ರೂಮಿನ ಅತ್ಯಂತ ಬೆಲೆಬಾಳುವ ವಸ್ತುವಾಗಿ ತೋರುತ್ತದೆ. ಪೀಠದ ಪಕ್ಕದಲ್ಲಿ ಮತ್ತು ಕಮೋಡಿನ ಪಕ್ಕದಲ್ಲಿ ನೆಲದಿಂದ ಸುಮಾರು 33 ಇಂಚು ಎತ್ತರಕ್ಕೆ ಒಂದೊಂದು ಹಿಡಿಕೆ ಇರಲಿ. ಚಿರೆಕಲ್ಲಿನಲ್ಲಿ ಪ್ಲಾಸ್ಟಿಕ್ ಗಿಟ್ಟಿ ಹಾಕಿ ಸ್ಕ್ರೂ ಬಿಗಿದರೆ ಟವೆಲಿನ ಭಾರಕ್ಕೆ ಸರಿ, ಮನುಷ್ಯರ ಭಾರಕ್ಕೆ ಅಲ್ಲ. ಎಳೆದಾಗ ಪುಡಿಯೊಂದಿಗೆ ಕಿತ್ತುಬರುತ್ತದೆ. ರಂಧ್ರಕ್ಕೆ ರಾಸಾಯನಿಕ ಅಂಟು ತುಂಬಿ ಉದ್ದದ ಬೋಲ್ಟು ಕೂರಿಸಲು ಹೇಳಿ, ಮಾರನೆಯ ದಿನ ನೀವೇ ಪೂರ್ತಿ ಭಾರ ಹಾಕಿ ಜಗ್ಗಿ ನೋಡಿದ ಮೇಲೆಯೇ ಅಮ್ಮನಿಗೆ ಬಿಟ್ಟುಕೊಡಿ.

ಕನ್ನಡಿ 5 ಮಿಲಿಮೀಟರ್ ದಪ್ಪದ್ದಿರಲಿ, ಗೋಡೆಗೆ ಅಂಟಿಸದೆ ಹಿಂದೆ ಗಾಳಿಯಾಡುವಷ್ಟು ಸಂದು ಬಿಟ್ಟು ತೂಗುಹಾಕಿ. ನಮ್ಮಲ್ಲಿ ಕನ್ನಡಿಯ ಅಂಚು ಕಪ್ಪಾಗುವುದು ಹಿಂಬದಿಯ ಲೇಪಕ್ಕೆ ತೇವ ನುಗ್ಗುವುದರಿಂದ. ತೂಗುಹಾಕುವ ಮೊದಲು ಅಂಚಿಗೆ ತೆಳುವಾಗಿ ವಾರ್ನಿಷ್ ಎಳೆಸಿದರೆ ಬಾಳಿಕೆ ಹೆಚ್ಚು.

ವಾಸನೆಯ ವಿಷಯದಲ್ಲಿ ಸುಗಂಧದ ಪೊಟ್ಟಣಗಳನ್ನು ನಂಬಬೇಡಿ. ನೆಲದ ಟ್ರ್ಯಾಪಿನಲ್ಲಿ 50 ಮಿಲಿಮೀಟರ್ ನೀರು ಸದಾ ನಿಂತು ಸೆಪ್ಟಿಕ್ ಟ್ಯಾಂಕಿನ ಗಾಳಿಯನ್ನು ತಡೆಯಬೇಕು. ಹಳೆಯ ಟ್ರ್ಯಾಪಿನ ಒಳಬಟ್ಟಲನ್ನು ಸ್ವಚ್ಛ ಮಾಡುವಾಗ ತೆಗೆದು ಎಸೆದಿರುವುದು ಎಷ್ಟೋ ಮನೆಗಳಲ್ಲಿ ಕಂಡುಬರುತ್ತದೆ. ನೆಲ ಒಡೆಯುವಾಗಲೇ ಅದನ್ನು ಹೊಸದಾಗಿ ಕೂರಿಸಿ. ಮಳೆಗಾಲದಲ್ಲಿ ಮಾತ್ರ ಗುಳುಗುಳು ಸದ್ದಿನೊಂದಿಗೆ ವಾಸನೆ ಬರುತ್ತಿದ್ದರೆ, ಅಂತರ್ಜಲ ಏರಿ ಟ್ಯಾಂಕು ತುಂಬಿಕೊಳ್ಳುತ್ತಿದೆ, ಇಲ್ಲವೇ ಅದರ ಗಾಳಿಪೈಪು ಕಟ್ಟಿಕೊಂಡಿದೆ. ಪೈಪು ಮಾಡಿಗಿಂತ ಎತ್ತರಕ್ಕೆ ಹೋಗಿದೆಯೇ, ಬಾಯಿಗೆ ಜಾಲರಿ ಇದೆಯೇ ನೋಡಿಸಿ. ಇದೆಲ್ಲ ಸರಿಯಾದ ಮೇಲೆ ಗ್ರಂಥಿಗೆ ಅಂಗಡಿಯಿಂದ ತಂದ ಲಾವಂಚದ ಬೇರಿನ ಕಟ್ಟೊಂದನ್ನು ಕಿಟಕಿಗೆ ತೂಗಿ, ಒಂದು ಗಂಧದ ಸಾಬೂನು ಇಟ್ಟರೆ ಸಾಕು.

ಇನ್ನು ಒಳಗೆ ಏನಿರಬೇಕು ಎಂಬುದಕ್ಕಿಂತ ಏನಿರಬಾರದು ಎಂಬುದು ಮುಖ್ಯ. ಕೆಂಪು ಬಕೇಟು, ನೀಲಿ ಮಗ್ಗು, ಹಸಿರು ಬ್ರಷ್ಷು ಒಟ್ಟಿಗೆ ನಿಂತರೆ ಎಂಥ ಟೈಲ್ಸಿಗೂ ಕಳೆ ಇರುವುದಿಲ್ಲ. ಒಂದೇ ಬಣ್ಣದ ಬಕೇಟು, ಮಗ್ಗು ಕೊಳ್ಳಿ, ಇಲ್ಲವೇ ಅಟ್ಟದಲ್ಲಿ ತಾಮ್ರದ ಹಂಡೆಯೊಂದು ಬಿದ್ದಿದ್ದರೆ ಕೆಳಗಿಳಿಸಿ ತೊಳೆಯಿರಿ. ದೀಪಾವಳಿಯ ನೀರು ತುಂಬುವ ಹಬ್ಬದಂದು ಹಂಡೆ ತಿಕ್ಕಿ ಬೆಳಗಿ, ಹಿಂಡಲಕಾಯಿ ಬಳ್ಳಿ ಸುತ್ತಿ, ಶೇಡಿ ಕೆಮ್ಮಣ್ಣಿನ ಚಿತ್ತಾರ ಬರೆಯುವ ಜಿಲ್ಲೆ ನಮ್ಮದು. ಬಚ್ಚಲನ್ನು ಸಿಂಗರಿಸುವುದನ್ನು ನಾವು ಯಾವ ಹೋಟೆಲಿನಿಂದಲೂ ಕಲಿಯಬೇಕಾಗಿಲ್ಲ. ಟಾಯ್ಲೆಟ್ ಬ್ರಷ್ಷು, ಫಿನಾಯಿಲು, ಹೆಚ್ಚಿನ ಸಾಬೂನುಗಳನ್ನು ಬೇಸಿನ್ನಿನ ಕೆಳಗಿನ ಹಲಗೆಗೆ ಸಣ್ಣ ಬಾಗಿಲು ಮಾಡಿಸಿ ಒಳಗಿಡಿ. ಆ ಬಾಗಿಲು ಪ್ಲೈವುಡ್ಡಿನದಾಗದಿರಲಿ, ಪಿವಿಸಿ ಹಲಗೆಯದಿರಲಿ.

ಆ್ಯಸಿಡ್ ಬಾಟಲಿಯನ್ನು ಮಾತ್ರ ಒಳಗೂ ಇಡಬೇಡಿ, ಹೊರಗೂ ಇಡಬೇಡಿ. ಅದು ಸಿಮೆಂಟ್ ಗ್ರೌಟನ್ನು ಕರಗಿಸುತ್ತದೆ, ಕ್ರೋಮನ್ನು ಮಂಕಾಗಿಸುತ್ತದೆ, ಅದರ ಹೊಗೆಗೇ ಪಕ್ಕದ ಸ್ಟೀಲು ತುಕ್ಕು ಹಿಡಿಯುತ್ತದೆ. ನಿಮ್ಮ ನಳಗಳು ಹಸಿರುಗಟ್ಟಿದ್ದರಲ್ಲಿ ಸಮುದ್ರದಷ್ಟೇ ಪಾಲು ಆ್ಯಸಿಡ್‌ನದೂ ಇರಬಹುದು. ಬೋರ್‌ವೆಲ್ ನೀರಿನ ಕಬ್ಬಿಣದಿಂದ ಬಿದ್ದ ಕೆಂಪು ಕಲೆಗೆ ಬ್ಲೀಚಿಂಗ್ ಹಾಕುವವರಿದ್ದಾರೆ; ಅದರಿಂದ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಸಿಟ್ರಿಕ್ ಆಮ್ಲದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಹತ್ತು ನಿಮಿಷ ಬಿಟ್ಟು ಉಜ್ಜಿ ತೊಳೆದರೆ ಹೋಗುತ್ತದೆ. ಬ್ಲೀಚಿಂಗ್ ಮತ್ತು ಯಾವುದೇ ಆಮ್ಲವನ್ನು ಒಟ್ಟಿಗೆ ಬಳಸಬೇಡಿ. ಕ್ಲೋರಿನ್ ವಿಷಾನಿಲ ಏಳುತ್ತದೆ, ಅಷ್ಟು ಸಣ್ಣ ಕೋಣೆಯಲ್ಲಿ ಅದು ಅಪಾಯ.

ಕೆಲಸವನ್ನು ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಇಟ್ಟುಕೊಳ್ಳಿ. ಆಗ ಗೋಡೆ ಒಣಗಿರುತ್ತದೆ, ಲೇಪ ಹಿಡಿಯುತ್ತದೆ, ಏಪ್ರಿಲ್, ಮೇ ತಿಂಗಳ ಮದುವೆ ಗಡಿಬಿಡಿಗೆ ಮೊದಲು ಮೇಸ್ತ್ರಿಗಳೂ ಸಿಗುತ್ತಾರೆ. ಗೀಸರಿನ ಒಳಗೆ ಮೆಗ್ನೀಷಿಯಂ ಕಡ್ಡಿಯೊಂದು ಇರುತ್ತದೆ. ಟಾಂಕಿಯ ಬದಲು ತಾನೇ ಸವೆಯುವುದು ಅದರ ಕೆಲಸ. ಪ್ಲಂಬರ್ ಬಂದಿರುವಾಗಲೇ ಅದನ್ನು ಬಿಚ್ಚಿಸಿ ನೋಡಿ, ಸವೆದಿದ್ದರೆ ಬದಲಿಸಿ.

ಎಲ್ಲ ಮುಗಿದು ಎರಡು ಸಾವಿರ ಉಳಿದರೆ ಟವೆಲ್ ಕೊಳ್ಳಿ. ಹೋಟೆಲಿನ ದಪ್ಪ ಟವೆಲಿನ ಆಸೆಗೆ ಬೀಳಬೇಡಿ. 600 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಟವೆಲ್ ಕಾರವಾರದ ಜುಲೈನಲ್ಲಿ ಎರಡು ದಿನವಾದರೂ ಒಣಗದೆ ನಾರುತ್ತದೆ. 400 ಜಿಎಸ್‌ಎಂ ಆಸುಪಾಸಿನ ಅಚ್ಚ ಹತ್ತಿಯ ಬಿಳಿ ಟವೆಲ್, ತಲೆಗೊಂದರಂತೆ ಮೂರು ಜೊತೆ. ಹೊಸದನ್ನು ಬಳಸುವ ಮೊದಲು ಎರಡು ಸಲ ಬರಿಯ ನೀರಿನಲ್ಲಿ ಒಗೆದು ತೆಗೆಯಿರಿ. ಗಿರಣಿಯ ಎಣ್ಣೆ ಅಂಶ ಹೋದ ಮೇಲೆಯೇ ಅದು ನೀರು ಹೀರತೊಡಗುವುದು.